ಆರು ವರ್ಷದಿಂದ ಸೇಫ್ಟಿ ಆಫೀಸರ್, ಇನ್ನು ಮೇಲೆ ಹತ್ತುವುದು ಹೇಗೆ?

ಹಳದಿ_ಹೆಲ್ಮೆಟ್:
ಎಲ್ಲರಿಗೂ ನಮಸ್ಕಾರ. ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಆರು ವರ್ಷದಿಂದ ಸೇಫ್ಟಿ ಆಫೀಸರ್ ಆಗಿದ್ದೇನೆ. ಬೆಳಗ್ಗೆ ಟೂಲ್‌ಬಾಕ್ಸ್ ಟಾಕ್, ಅಂದರೆ ಕೆಲಸ ಶುರುವಾಗುವ ಮುಂಚೆ ಸುರಕ್ಷತೆ ಬಗ್ಗೆ ನಾಲ್ಕು ಮಾತು. ಆಮೇಲೆ ಒಂದು ಸುತ್ತು, ಯಾರು ಕನ್ನಡಕ ಹಾಕಿಲ್ಲ, ಯಾರು ಗ್ಲೌಸ್ ಹಾಕಿಲ್ಲ ಅಂತ ಬರೆದುಕೊಳ್ಳುವುದು. ಮಧ್ಯಾಹ್ನ ಅಪಾಯದ ಕೆಲಸಗಳ ಲಿಖಿತ ಅನುಮತಿ, ಅಂದರೆ ಪರ್ಮಿಟ್‌ಗಳಿಗೆ ಸಹಿ. ಸಂಜೆ ರಿಪೋರ್ಟ್. ಮಾರನೇ ದಿನ ಮತ್ತೆ ಇದೇ.

ಕಳೆದ ತಿಂಗಳು ಸೇಫ್ಟಿ ಮ್ಯಾನೇಜರ್ ಹುದ್ದೆಗೆ ಇಂಟರ್‌ವ್ಯೂ ಇತ್ತು. ಎಷ್ಟು ಟ್ರೇನಿಂಗ್ ಕೊಟ್ಟಿದ್ದೇನೆ, ಎಷ್ಟು ಆಡಿಟ್ ಮಾಡಿದ್ದೇನೆ, ಎಲ್ಲ ಹೇಳಿದೆ. ಎದುರು ಕೂತಿದ್ದವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನೀವು ಇದ್ದಿದ್ದರಿಂದ ಆ ಕಾರ್ಖಾನೆಯಲ್ಲಿ ಏನು ಬದಲಾಯಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಸಂಬಳಕ್ಕಿಂತ ಆ ಪ್ರಶ್ನೆಯೇ ಜಾಸ್ತಿ ಕಾಡುತ್ತಿದೆ. ಈಗ ನೆಬೋಶ್ ಡಿಪ್ಲೊಮಾ ಮಾಡಲಾ? ಸ್ನಾತಕೋತ್ತರ ಓದಲಾ? ಇಲ್ಲ ಬೇರೆ ಉದ್ಯಮಕ್ಕೇ ಹಾರಿಬಿಡಲಾ? ಅನುಭವ ಇರುವವರು ದಯವಿಟ್ಟು ಹೇಳಿ.

ಪರ್ಮಿಟ್_ಪುಸ್ತಕ:
ಮೊದಲು ಸರ್ಟಿಫಿಕೇಟ್ ವಿಷಯ ಮುಗಿಸಿಬಿಡೋಣ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ನೆಬೋಶ್ 1979ರಲ್ಲಿ ಬ್ರಿಟನ್‌ನಲ್ಲಿ ಹುಟ್ಟಿದ, ಸೇಫ್ಟಿ ವಿಷಯದ ಪರೀಕ್ಷಾ ಮಂಡಳಿ. ಅವರ ಜನರಲ್ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ನಡುವೆ ದೊಡ್ಡ ಅಂತರ ಇದೆ. ಅಲ್ಲಿನ ಲೆಕ್ಕದಲ್ಲಿ ಸರ್ಟಿಫಿಕೇಟ್ 3ನೇ ಹಂತ, ಡಿಪ್ಲೊಮಾ 6ನೇ ಹಂತ. ಅಂದರೆ ಡಿಪ್ಲೊಮಾ ಹೆಚ್ಚುಕಡಿಮೆ ಪದವಿಯ ಕೊನೆಯ ವರ್ಷದ ಮಟ್ಟದ್ದು. ಕೆಲಸ ಮಾಡಿಕೊಂಡೇ ಓದಬಹುದು, ಆದರೆ ರಜಾ ದಿನಗಳನ್ನೆಲ್ಲ ಅದಕ್ಕೇ ಕೊಡಬೇಕಾಗುತ್ತದೆ. ಅಮೆರಿಕನ್ ಕಂಪನಿಗಳ ಕಡೆ ಹೋಗುವ ಮನಸ್ಸಿದ್ದರೆ ಸಿಎಸ್‌ಪಿ (ಸರ್ಟಿಫೈಡ್ ಸೇಫ್ಟಿ ಪ್ರೊಫೆಷನಲ್) ನೋಡಿ. ಅದಕ್ಕೆ ಪದವಿ ಬೇಕು, ಸೇಫ್ಟಿಯಲ್ಲಿ ನಾಲ್ಕು ವರ್ಷದ ಅನುಭವ ಬೇಕು, ಜೊತೆಗೆ ಅವರು ಒಪ್ಪುವ ಇನ್ನೊಂದು ಅರ್ಹತೆಯೂ ಕೈಯಲ್ಲಿರಬೇಕು.

ಐಎಸ್ಒ 45001 ಲೀಡ್ ಆಡಿಟರ್ ಕೋರ್ಸ್ ಕೂಡ ಉಪಯೋಗಕ್ಕೆ ಬರುತ್ತದೆ. ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆಯ ನಿರ್ವಹಣೆಗೆ 2018ರ ಮಾರ್ಚ್‌ನಲ್ಲಿ ಬಂದ ಈ ಮಾನದಂಡ ಹಳೆಯ ಓಎಚ್‌ಎಸ್‌ಎಎಸ್ 18001ರ ಜಾಗ ತೆಗೆದುಕೊಂಡಿತು. ಇದರ 5.4ನೇ ವಿಭಾಗವನ್ನು ಮಾತ್ರ ಎರಡು ಸಲ ಓದಿ. ಕಾರ್ಮಿಕರನ್ನು ಕೇಳಿ, ಅವರನ್ನು ಸೇರಿಸಿಕೊಂಡೇ ನಿರ್ಧಾರ ಮಾಡಬೇಕು ಅಂತ ಅಲ್ಲಿದೆ. ಆಡಿಟ್‌ಗಳಲ್ಲಿ ಎಲ್ಲರೂ ಬೇಗ ಹಾರಿಸಿಬಿಡುವ ಭಾಗ ಇದು.

ನನ್ನ ಅಭಿಪ್ರಾಯ: ಡಿಪ್ಲೊಮಾ ಮಾಡಿ. ಅರ್ಜಿಗಳನ್ನು ಮೊದಲು ಸೋಸುವುದು ಎಚ್ಆರ್‌ನವರು. ಅವರು ಹುಡುಕುವುದು ಈ ಹೆಸರುಗಳನ್ನೇ.

ಮೂರನೇ_ಪಾಳಿ:
ಪರ್ಮಿಟ್_ಪುಸ್ತಕ ಅವರು ಹೇಳಿದ್ದು ತಪ್ಪಲ್ಲ. ಆದರೆ ಹಳದಿ_ಹೆಲ್ಮೆಟ್ ಅವರಿಗೆ ಇಂಟರ್‌ವ್ಯೂವರೆಗೆ ಕರೆ ಬಂದಿತ್ತು ಅಲ್ವಾ? ಅಂದರೆ ಎಚ್ಆರ್ ಬಾಗಿಲು ಆಗಲೇ ತೆರೆದಿತ್ತು. ನಿಂತಿದ್ದು ಒಳಗೆ ಹೋದ ಮೇಲೆ.

ನನ್ನದೇ ಕಥೆ ಹೇಳುತ್ತೇನೆ. ನಾನೂ ನಿಮ್ಮಂತೆ ಲೋಹದ ಕೆಲಸದಲ್ಲೇ, ತಗಡು ಒತ್ತಿ ಕತ್ತರಿಸುವ ಪ್ರೆಸ್ ಶಾಪಿನಲ್ಲಿ ಇದ್ದವನು. ಒಂದೇ ಲೈನಿನಲ್ಲಿ ಮೇಲಿಂದ ಮೇಲೆ ಬೆರಳಿಗೆ ಪೆಟ್ಟು. ಎರಡು ವರ್ಷ ನಾನು ಬರೆದ ಪರಿಹಾರ ಒಂದೇ: ಒಳ್ಳೆಯ ಗ್ಲೌಸ್, ಮತ್ತೊಮ್ಮೆ ಟ್ರೇನಿಂಗ್. ಆಮೇಲೆ ಒಂದು ದಿನ ಗಾರ್ಡ್ ತೆರೆದರೆ ಮಷಿನ್ ನಿಲ್ಲಿಸುವ ಇಂಟರ್‌ಲಾಕ್ ಸ್ವಿಚ್‌ಗೆ ಯಾರೋ ಅಯಸ್ಕಾಂತ ಅಂಟಿಸಿದ್ದು ಕಣ್ಣಿಗೆ ಬಿತ್ತು. ಗಾರ್ಡ್ ತೆರೆದಿದ್ದರೂ ಮಷಿನ್ ಓಡಲಿ ಅಂತ ಹಾಗೆ ಮಾಡಿದ್ದರು. ತುಂಬಾ ಸಿಟ್ಟು ಬಂತು. ನೋಟಿಸ್ ಬರೆಯಲು ಕೂತೆ. ಪಕ್ಕದಲ್ಲಿದ್ದ ಹಿರಿಯ ಫಿಟ್ಟರ್ ಒಬ್ಬರು ಹೇಳಿದರು: "ಸರ್, ನೋಟಿಸ್ ನಾಳೆ ಕೊಡಿ. ಇವತ್ತು ರಾತ್ರಿ ಪಾಳಿಗೆ ಬಂದು ಸುಮ್ನೆ ನಿಂತು ನೋಡಿ."

ಮೂರು ರಾತ್ರಿ ನಿಂತೆ. ಕತ್ತರಿಸಿದ ತುಣುಕುಗಳು ಜಾರಿಹೋಗುವ ತಗಡಿನ ಜಾರು ಸರಿಯಾದ ಇಳಿಜಾರಿನಲ್ಲಿ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತುಣುಕು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲ ಗಾರ್ಡ್ ತೆರೆದು, ಮಷಿನ್ ನಿಲ್ಲಿಸಿ, ಮತ್ತೆ ಶುರು ಮಾಡುತ್ತಾ ಕೂತರೆ ಆ ಪಾಳಿಯ ಲೆಕ್ಕ ತುಂಬುತ್ತಿರಲಿಲ್ಲ. ಲೆಕ್ಕ ತುಂಬದಿದ್ದರೆ ಬೈಗುಳ. ಅದಕ್ಕೇ ಅಯಸ್ಕಾಂತ, ಅದಕ್ಕೇ ಒಳಗೆ ಕೈ.

ಆ ಫಿಟ್ಟರ್ ಒಂದು ರಜಾ ದಿನ ಬಂದು ಜಾರಿನ ಇಳಿಜಾರು ಜಾಸ್ತಿ ಮಾಡಿದರು, ಗಾಳಿ ಊದುವ ನಳಿಕೆ ಒಂದನ್ನು ಸೇರಿಸಿದರು. ತುಣುಕು ಸಿಕ್ಕಿಕೊಳ್ಳುವುದು ನಿಂತಿತು. ಅಯಸ್ಕಾಂತವನ್ನು ಅವರೇ ತೆಗೆದು ನನ್ನ ಕೈಗೆ ಕೊಟ್ಟರು.

ಅಪಾಯ ತಡೆಯುವ ಕ್ರಮಗಳ ಮೆಟ್ಟಿಲು ನಮಗೆಲ್ಲ ಬಾಯಿಪಾಠ. ಮೊದಲು ಅಪಾಯವನ್ನೇ ತೆಗೆ, ಆಗದಿದ್ದರೆ ಬದಲಿ ತಾ, ಆಮೇಲೆ ಯಂತ್ರದಲ್ಲೇ ತಡೆ ಹಾಕು, ಆಮೇಲೆ ನಿಯಮ ಮತ್ತು ಟ್ರೇನಿಂಗ್, ಕೊನೆಗೆ ಪಿಪಿಇ, ಅಂದರೆ ಗ್ಲೌಸ್, ಕನ್ನಡಕದಂಥ ರಕ್ಷಣಾ ಸಾಧನ. ಹಳದಿ_ಹೆಲ್ಮೆಟ್ ಅವರೇ, ನೀವು ಬರೆದ ದಿನಚರಿ ಇನ್ನೊಮ್ಮೆ ಓದಿ. ಇಡೀ ದಿನ ಕೊನೆಯ ಎರಡು ಮೆಟ್ಟಿಲ ಮೇಲೇ ಕಳೆಯುತ್ತಿದೆ. ನಿಮ್ಮ ಕೆಲಸ ಆ ಮೆಟ್ಟಿಲಲ್ಲಿ ಮೇಲೆ ಹತ್ತಿದರೆ ಹುದ್ದೆಯೂ ಹತ್ತುತ್ತದೆ.

ಹಳದಿ_ಹೆಲ್ಮೆಟ್:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಹೇಳಿದ್ದು ನಿಜ. ಆದರೆ ನನ್ನ ಕೈಯಲ್ಲಿ ಬಜೆಟ್ ಇಲ್ಲ. ಪ್ರೊಡಕ್ಷನ್‌ನವರು ನನ್ನನ್ನು ಕಂಡರೆ ಕೆಲಸ ನಿಲ್ಲಿಸಲು ಬಂದ ಅಂತಲೇ ನೋಡುತ್ತಾರೆ. ಹೊಸ ಮಷಿನ್ ಬರುವುದು ನನಗೆ ಗೊತ್ತಾಗುವುದು ಅದು ಲಾರಿಯಿಂದ ಇಳಿದ ಮೇಲೆ. ಹಾಗಿರುವಾಗ ಮೇಲಿನ ಮೆಟ್ಟಿಲಿಗೆ ಹೋಗುವುದು ಎಲ್ಲಿಂದ?

ಶಟ್‌ಡೌನ್_ಪ್ಲಾನರ್:
ನಿಮ್ಮ ಕೊನೆಯ ಮಾತಿನಲ್ಲೇ ಉತ್ತರ ಇದೆ. ಮಷಿನ್ ಲಾರಿಯಿಂದ ಇಳಿಯುವ ಎಷ್ಟೋ ಮೊದಲೇ ಅದರ ಬಗ್ಗೆ ಒಂದು ಮೀಟಿಂಗ್ ನಡೆದಿರುತ್ತದೆ. ಆ ಮೀಟಿಂಗಿನಲ್ಲಿ ನಿಮಗೆ ಕುರ್ಚಿ ಬೇಕು. ಅದನ್ನು ಕೇಳಿ ಪಡೆಯುವುದು ಕಷ್ಟ. ಅಲ್ಲಿರುವವರಿಗೆ ನೀವು ಉಪಯೋಗಕ್ಕೆ ಬಂದರೆ ಅವರೇ ಕರೆಯುತ್ತಾರೆ.

ನಾನು ಹತ್ತು ವರ್ಷ ಮೇಂಟೆನೆನ್ಸ್ ಪ್ಲಾನಿಂಗ್‌ನಲ್ಲಿದ್ದು ಆಮೇಲೆ ಸೇಫ್ಟಿಗೆ ಬಂದವನು. ಪ್ಲಾನಿಂಗ್ ಮೀಟಿಂಗಿಗೆ ಬರುತ್ತಿದ್ದ ಸೇಫ್ಟಿಯವರಲ್ಲಿ ಎರಡು ಥರ ಇದ್ದರು. ಒಬ್ಬರು "ನಿಯಮದಲ್ಲಿ ಹೀಗಿದೆ" ಅನ್ನುತ್ತಿದ್ದರು. ಇನ್ನೊಬ್ಬರು "ಈ ವಾಲ್ವ್ ಬಿಚ್ಚುವಾಗ ಆ ಪಂಪ್ ಪರ್ಮಿಟ್ ಯಾರ ಹತ್ತಿರ ಇರುತ್ತದೆ? ಪಾಳಿ ಬದಲಾದಾಗ ಯಾರು ಯಾರಿಗೆ ಹೇಳುತ್ತಾರೆ?" ಅಂತ ಕೇಳುತ್ತಿದ್ದರು. ಆ ಇನ್ನೊಬ್ಬರಿಗಾಗಿ ನಾವು ಮೀಟಿಂಗನ್ನೇ ಮುಂದೂಡಿದ್ದುಂಟು.

ನೀವು "ಪರ್ಮಿಟ್‌ಗಳಿಗೆ ಸಹಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅದಕ್ಕೇ ಇದನ್ನು ಹೇಳುತ್ತೇನೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಆ ದಿನ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆ ಬಿಚ್ಚಿದ್ದರು. ಆ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ಮುಚ್ಚಳದ ಫ್ಲಾಂಜ್ ಕೂರಿಸಿದ್ದರು. ಪಂಪಿಗೆ ಒಂದು ಪರ್ಮಿಟ್, ವಾಲ್ವಿಗೆ ಬೇರೆ ಪರ್ಮಿಟ್. ಎರಡೂ ಒಂದೇ ಕಡೆ ಇರಲಿಲ್ಲ. ರಾತ್ರಿ ಇನ್ನೊಂದು ಪಂಪ್ ನಿಂತುಹೋಯಿತು. ಪಾಳಿಯಲ್ಲಿದ್ದವರಿಗೆ ವಾಲ್ವ್ ಇಲ್ಲ ಅನ್ನುವುದು ತಿಳಿದಿರಲಿಲ್ಲ. ರಿಪೇರಿಯಲ್ಲಿದ್ದ ಪಂಪನ್ನೇ ಶುರು ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು. ಸಮುದ್ರದಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ನೀರಿನ ಪಂಪ್ ಅವರನ್ನು ಎಳೆದುಕೊಳ್ಳದಿರಲಿ ಅಂತ ಬೆಂಕಿ ಆರಿಸುವ ಪಂಪ್‌ಗಳನ್ನು ಮ್ಯಾನುಯಲ್‌ನಲ್ಲಿ ಇಟ್ಟಿದ್ದರು. ಅವು ತಾವಾಗಿ ಓಡಲೇ ಇಲ್ಲ. ಲಾರ್ಡ್ ಕಲನ್ ತನಿಖೆ ನಡೆಸಿ 1990ರಲ್ಲಿ 106 ಶಿಫಾರಸು ಕೊಟ್ಟರು.

ಪರ್ಮಿಟ್ ಅಂದರೆ ಎರಡು ಪಾಳಿಗಳ ನಡುವಿನ ಮಾತು. ಸಹಿ ಹಾಕುವ ಮೊದಲು ಜಾಗಕ್ಕೆ ಹೋಗಿ. ಲಾಕ್ ಹಾಕಿದ್ದಾರಾ ನೋಡಿ, ಸ್ವಿಚ್ ಒತ್ತಿಸಿ ಮಷಿನ್ ನಿಜಕ್ಕೂ ಸತ್ತಿದೆಯಾ ಪರೀಕ್ಷಿಸಿ. ಒಂದು ತಿಂಗಳು ಹೀಗೆ ಮಾಡಿ. ಮೇಂಟೆನೆನ್ಸ್‌ನವರು ನಿಮ್ಮ ಜೊತೆ ಮಾತಾಡುವ ರೀತಿಯೇ ಬೇರೆಯಾಗುತ್ತದೆ. ಪ್ಲಾನಿಂಗ್ ಮೀಟಿಂಗಿಗೆ ನಿಮ್ಮನ್ನು ಕರೆಯುವವರು ಅವರೇ.

ಹೊಸಬಳು_23:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈಗಷ್ಟೇ ಸೇಫ್ಟಿ ಡಿಪ್ಲೊಮಾ ಮುಗಿಸಿದ್ದೇನೆ. ಎಲ್ಲ ಕಡೆ ಅನುಭವ ಕೇಳುತ್ತಾರೆ. ಕೆಲಸವೇ ಸಿಗದೆ ಅನುಭವ ಎಲ್ಲಿಂದ ತರಲಿ?

ಶಟ್‌ಡೌನ್_ಪ್ಲಾನರ್:
ಕ್ಷಮೆ ಯಾಕಮ್ಮ, ಕೇಳಲೇಬೇಕಾದ ಪ್ರಶ್ನೆ. ದೊಡ್ಡ ಘಟಕಗಳು ವಾರ್ಷಿಕ ರಿಪೇರಿಗೆ ನಿಂತಾಗ ಕಾಂಟ್ರ್ಯಾಕ್ಟರ್‌ಗಳಿಗೆ ಕೆಲವು ವಾರಗಳ ಮಟ್ಟಿಗೆ ಸೇಫ್ಟಿಯವರು ತುಂಬಾ ಬೇಕಾಗುತ್ತಾರೆ. ಅಲ್ಲಿ ಸೇರಿಕೊಳ್ಳಿ. ಟ್ಯಾಂಕಿನ ಬಾಯಲ್ಲಿ ನಿಂತು ಒಳಗಿರುವವರನ್ನು ಕಾಯುವ ಕೆಲಸ ಸಿಕ್ಕರೆ ಬಿಡಬೇಡಿ. ಅದನ್ನು ಕೀಳು ಕೆಲಸ ಅಂದುಕೊಳ್ಳುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ, 19.5ಕ್ಕಿಂತ ಕೆಳಗೆ ಬಂದರೆ ಒಳಗೆ ಬಿಡಬಾರದು ಅಂತ ಓದಿರುತ್ತೀರಿ. ಮೀಟರ್ ಕೈಯಲ್ಲಿ ಹಿಡಿದು, ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ಓದಿಕೆ ಬರುವುದನ್ನು ಕಂಡಾಗಲೇ ಅದು ಮನಸ್ಸಿಗೆ ಇಳಿಯುವುದು. ಒಂದು ಮಾತು ಮಾತ್ರ ನೆನಪಿಡಿ. ಒಳಗೆ ಯಾರಾದರೂ ಬಿದ್ದರೆ ಉಸಿರಾಟದ ಸಾಧನ ಇಲ್ಲದೆ ನೀವು ಇಳಿಯಬಾರದು. ಉಳಿಸಲು ಇಳಿದವರೇ ಹಿಂದೆಯೇ ಸತ್ತ ಘಟನೆಗಳು ಲೆಕ್ಕವಿಲ್ಲದಷ್ಟಿವೆ.

ಶಬ್ದಮಾಪಕ:
ಇಲ್ಲಿವರೆಗಿನ ಚರ್ಚೆಯೆಲ್ಲ ಬೆರಳು, ಬೆಂಕಿ, ಸ್ಫೋಟದ ಸುತ್ತ ಇದೆ. "ಆರೋಗ್ಯ ಮತ್ತು ಸುರಕ್ಷತೆ" ಅನ್ನುವ ನಮ್ಮ ಕೆಲಸದ ಪೂರ್ತಿ ಹೆಸರಿನಲ್ಲಿ "ಆರೋಗ್ಯ" ಮೊದಲು ಬರುತ್ತದೆ. ನಾನು ಔದ್ಯೋಗಿಕ ನೈರ್ಮಲ್ಯದ ಕಡೆ ಹೋದವಳು. ಧೂಳು, ಶಬ್ದ, ಆವಿ, ಬಿಸಿ ಇವನ್ನು ಅಳೆಯುವುದು ನನ್ನ ಕೆಲಸ. ಮುಂದೆ ಬರಲು ಇದು ಒಳ್ಳೆಯ ದಾರಿ, ಈ ಕಡೆ ಬರುವವರೂ ಕಡಿಮೆ.

ಪ್ರೆಸ್ ಶಾಪ್ ಅಂದಿರಿ. ಅಲ್ಲಿಯ ಶಬ್ದ ಎಷ್ಟು ಅಂತ ಯಾರಾದರೂ ಅಳೆದಿದ್ದಾರಾ? 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಅನ್ನುವುದು ಬಹಳ ಕಡೆ ಬಳಸುವ ಮಿತಿ. ಶಬ್ದದ ಶಕ್ತಿ ಪ್ರತಿ 3 ಡೆಸಿಬಲ್‌ಗೆ ಎರಡು ಪಟ್ಟಾಗುತ್ತದೆ. ಹಾಗಾಗಿ 88ರಲ್ಲಿ ನಾಲ್ಕೇ ಗಂಟೆ, 91ರಲ್ಲಿ ಎರಡೇ ಗಂಟೆ, 94ರಲ್ಲಿ ಒಂದು. "ಸ್ವಲ್ಪ ಜಾಸ್ತಿ ಇದೆ ಅಷ್ಟೇ" ಅನ್ನುವವರಿಗೆ ಈ ಲೆಕ್ಕ ತೋರಿಸಿ. ಹೋದ ಕಿವಿ ವಾಪಸ್ ಬರುವುದಿಲ್ಲ. ಅದು ರಕ್ತ ಬಂದ ಹಾಗೆ ಕಣ್ಣಿಗೆ ಕಾಣುವುದೂ ಇಲ್ಲ. ಮನೆಯಲ್ಲಿ ಮಕ್ಕಳು ಎರಡು ಸಲ ಕೂಗಬೇಕಾದಾಗ ತಿಳಿಯುತ್ತದೆ.

ಸಿಲಿಕಾ ಧೂಳು ಇನ್ನೂ ಮೋಸದ್ದು. ಕಣ್ಣಿಗೆ ಕಾಣುವ ಧೂಳನ್ನು ಮೂಗು ತಡೆಯುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿದು, ಹತ್ತಾರು ವರ್ಷ ಕಳೆದ ಮೇಲೆ ಸಿಲಿಕೋಸಿಸ್ ಆಗಿ ಹೊರಗೆ ಬರುತ್ತದೆ. ಅಷ್ಟರಲ್ಲಿ ಆ ಮನುಷ್ಯ ಬೇರೆ ಕಡೆ ಹೋಗಿರುತ್ತಾರೆ. ಯಾವ ರಿಜಿಸ್ಟರಿನಲ್ಲೂ ಅದು ಅಪಘಾತ ಅಂತ ಬರುವುದಿಲ್ಲ.

2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವನ್ನು ಕೆಲಸದ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಮ್ಯಾನೇಜ್‌ಮೆಂಟ್ ಮುಂದೆ ಮಾತಾಡುವಾಗ ಇದು ನನಗೆ ತುಂಬಾ ಸಲ ನೆರವಾಗಿದೆ. ಅಳೆದ ಅಂಕಿ ಮೇಜಿನ ಮೇಲೆ ಇಟ್ಟರಂತೂ ವಾದ ಅರ್ಧ ಮುಗಿದ ಹಾಗೆ.

ಹಳೇ_ಬಾಯ್ಲರ್:
ಅಂಕಿಯ ಮಾತು ಬಂದಿದ್ದಕ್ಕೆ ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಮೇಲೆ ಹೋಗುವ ಆಸೆಯಲ್ಲಿ ಅಂಕಿಗಳ ಹಿಂದೆ ಬೀಳಬೇಡಿ. ನಾನು ಬಿದ್ದಿದ್ದೆ.

ನಾನಿದ್ದ ಒಂದು ಕಡೆ "ಇಷ್ಟು ದಿನ ಅಪಘಾತ ಇಲ್ಲ" ಅಂತ ಗೇಟಿನಲ್ಲಿ ದೊಡ್ಡ ಬೋರ್ಡ್ ಇತ್ತು. ಆ ಲೆಕ್ಕ ತುಂಬಿದರೆ ಎಲ್ಲರಿಗೂ ಬೋನಸ್. ತುಂಬಲು ಕೆಲವೇ ದಿನ ಬಾಕಿ ಇರುವಾಗ ಒಬ್ಬ ಹುಡುಗನ ಬೆರಳಿನ ಮೂಳೆ ಮುರಿಯಿತು. ಮನೆಗೆ ಕಳಿಸಿದರೆ ಕೆಲಸದ ದಿನ ತಪ್ಪಿದ ಅಪಘಾತವಾಗುತ್ತದೆ. ಅದಕ್ಕೆ ಅವನನ್ನು ಆಫೀಸಿನಲ್ಲಿ ಕೂರಿಸಿ "ಹಗುರ ಕೆಲಸ" ಅಂತ ಬರೆದರು. ಅವನು ನೋವಿನಿಂದ ಮೇಜಿಗೆ ತಲೆ ಆನಿಸಿಕೊಂಡು ಕೂತಿದ್ದ. ಆ ಕಾಗದಕ್ಕೆ ಸಹಿ ಹಾಕಿದ್ದು ನಾನು. ಆ ವರ್ಷ ನನಗೆ ಬಡ್ತಿಯೂ ಸಿಕ್ಕಿತು. ಆಮೇಲೆ ಶಾಪ್ ಫ್ಲೋರಿಗೆ ಹೋದರೆ ಯಾರೂ ನನಗೆ ಏನನ್ನೂ ಹೇಳುತ್ತಿರಲಿಲ್ಲ. ಮುಂದಿನ ವರ್ಷ ಆ ಕೆಲಸ ಬಿಟ್ಟೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಸ್ಫೋಟವಾಗಿ 15 ಜನ ಸತ್ತರು, 180 ಜನ ಗಾಯಗೊಂಡರು. ಘಟಕವನ್ನು ಮತ್ತೆ ಶುರು ಮಾಡುವಾಗ ಒಂದು ಗೋಪುರ ಮಿತಿ ಮೀರಿ ತುಂಬಿತ್ತು. ಸತ್ತವರು ಹತ್ತಿರದ ತಾತ್ಕಾಲಿಕ ಟ್ರೇಲರ್ ಕಚೇರಿಗಳಲ್ಲಿ ಮತ್ತು ಅವುಗಳ ಸುತ್ತಮುತ್ತ ಇದ್ದವರು. ಆಮೇಲೆ ಬಂದ ವರದಿಗಳು ಎತ್ತಿ ಹೇಳಿದ್ದು ಇದನ್ನೇ: ಸಣ್ಣಪುಟ್ಟ ಗಾಯಗಳ ಪ್ರಮಾಣ ಕಡಿಮೆ ಇದ್ದಿದ್ದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಂಡರು.

ಅಮೆರಿಕದ ಸುರಕ್ಷತಾ ತಜ್ಞ ಹೈನ್‌ರಿಕ್ 1931ರಲ್ಲಿ ಕೊಟ್ಟ ತ್ರಿಕೋನವನ್ನು ನಾವೆಲ್ಲ ಟ್ರೇನಿಂಗಿನಲ್ಲಿ ತೋರಿಸುತ್ತೇವೆ. 300 ಗಾಯವಿಲ್ಲದ ಘಟನೆ, 29 ಸಣ್ಣ ಗಾಯ, 1 ದೊಡ್ಡದು. ಕೆಳಗಿನದನ್ನು ಕಡಿಮೆ ಮಾಡಿದರೆ ಮೇಲಿನದು ತಾನಾಗಿ ಕಡಿಮೆಯಾಗುತ್ತದೆ ಅಂತ ನಂಬಿಬಿಟ್ಟಿದ್ದೇವೆ. ಎಡವಿ ಬೀಳುವುದನ್ನು ಎಷ್ಟೇ ತಡೆದರೂ ಗೋಪುರ ತುಂಬುವುದು ನಿಲ್ಲುವುದಿಲ್ಲ. ಜನರನ್ನು ಕೊಲ್ಲಬಲ್ಲ ಕೆಲಸಗಳು ನಿಮ್ಮಲ್ಲಿ ಯಾವುವು ಅಂತ ಬೇರೆಯಾಗಿ ಕೂತು ಬರೆಯಬೇಕು.

ಇಂಟರ್‌ವ್ಯೂನಲ್ಲಿ "ಸೊನ್ನೆ ಅಪಘಾತ" ಅಂತ ಹೇಳಿಕೊಳ್ಳಬೇಡಿ. ತಿಳಿದವರು ಅದನ್ನು ಕೇಳಿದರೆ ಅನುಮಾನ ಪಡುತ್ತಾರೆ. ನೀವು ಬಂದ ಮೇಲೆ ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ವರದಿಗಳು ಜಾಸ್ತಿಯಾಗಿದ್ದರೆ ಅದನ್ನು ಹೇಳಿ. ಜನ ನಿಮ್ಮನ್ನು ನಂಬುತ್ತಾರೆ ಅಂತ ಅದರ ಅರ್ಥ.

ಪರ್ಮಿಟ್_ಪುಸ್ತಕ:
ಹಳೇ_ಬಾಯ್ಲರ್ ಅವರೇ, ಇದನ್ನು ಬರೆಯಲು ಧೈರ್ಯ ಬೇಕು. ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಡಿಪ್ಲೊಮಾ ಮಾಡಿ, ಆದರೆ ಮುಂದಿನ ಇಂಟರ್‌ವ್ಯೂಗೆ ಅದಕ್ಕಾಗಿ ಕಾಯಬೇಡಿ. ಡಿಪ್ಲೊಮಾದ ಅಸೈನ್‌ಮೆಂಟ್‌ಗಳಿಗೂ ನಿಮ್ಮ ಶಾಪ್ ಫ್ಲೋರಿನ ನಿಜವಾದ ಸಮಸ್ಯೆಗಳನ್ನೇ ಆರಿಸಿಕೊಳ್ಳಿ.

ಹಳದಿ_ಹೆಲ್ಮೆಟ್:
ಮೂರು ವಾರ ಆಯಿತು. ಏನು ಮಾಡಿದೆ ಅಂತ ಹೇಳಬೇಕು.

ಹೊಸದೇನನ್ನೂ ಶುರು ಮಾಡದೆ ಹಳೆಯ ನಿಯರ್ ಮಿಸ್ ರಿಜಿಸ್ಟರ್ ಬಿಚ್ಚಿದೆ. ಹಿಂದಿನ ಎರಡು ವರ್ಷದಲ್ಲಿ 38 ನಮೂದು. ಕೊನೆಯ ಕಾಲಮ್ಮಿನಲ್ಲಿ, 31 ಕಡೆ, ನನ್ನದೇ ಕೈಬರಹದಲ್ಲಿ ಒಂದೇ ವಾಕ್ಯ: "ಕಾರ್ಮಿಕರಿಗೆ ತಿಳಿಹೇಳಲಾಯಿತು." ಪುಟ ತಿರುಗಿಸುತ್ತಾ ಹೋದ ಹಾಗೆ ತುಂಬಾ ಸಂಕಟವಾಯಿತು. ಅವುಗಳಲ್ಲಿ ಏಳು, ಒಂದೇ ಜಾಗದ್ದು. ಡಿಸ್ಪ್ಯಾಚ್ ಬಾಗಿಲ ಹತ್ತಿರ ಫೋರ್ಕ್‌ಲಿಫ್ಟ್ ಮತ್ತು ನಡೆದು ಹೋಗುವವರು ಎದುರಾಗುವ ಮೂಲೆ. ಏಳೂ ಸಲ ಯಾರೋ ಒಬ್ಬರು ಪಕ್ಕಕ್ಕೆ ಹಾರಿ ಉಳಿದುಕೊಂಡಿದ್ದರು. ಹಳೇ_ಬಾಯ್ಲರ್ ಹೇಳಿದ "ಕೊಲ್ಲಬಲ್ಲ ಕೆಲಸ" ಇದೇ ಅಲ್ವಾ?

ನಾಲ್ಕು ದಿನ ಅಲ್ಲೇ ನಿಂತೆ. ಎತ್ತರದ ಲೋಡ್ ಹಿಡಿದಾಗ ಚಾಲಕರಿಗೆ ಮುಂದೆ ಏನೂ ಕಾಣುವುದಿಲ್ಲ. ಹಿಮ್ಮುಖವಾಗಿ ಓಡಿಸಬೇಕು, ಆ ಮೂಲೆಯಲ್ಲಿ ತಿರುಗಲು ಜಾಗ ಸಾಲದು. ಕ್ಯಾಂಟೀನಿಗೆ ಹೋಗುವವರಿಗೆ ಅದೇ ಹತ್ತಿರದ ಬಾಗಿಲು. ಲಾರಿಗಳೆಲ್ಲ ಬರುವುದು ಊಟದ ಹೊತ್ತಿಗೇ. ಡಿಸ್ಪ್ಯಾಚ್ ಸೂಪರ್‌ವೈಸರ್ ಹತ್ತಿರ ಹೋಗಿ ನಿಯಮ ಮಾತಾಡಲಿಲ್ಲ. "ಈ ಹೊತ್ತಿನಲ್ಲಿ ಲೋಡಿಂಗ್ ಯಾಕೆ ನಿಂತು ನಿಂತು ಹೋಗುತ್ತದೆ?" ಅಂತ ಕೇಳಿದೆ. ಜನ ಅಡ್ಡ ಬರುತ್ತಾರೆ ಅಂತ ಅವರೇ ಶುರು ಮಾಡಿದರು. ಈಗ ಆ ಬಾಗಿಲು ನಡೆಯುವವರಿಗೆ ಮುಚ್ಚಿದೆ, ಕಬ್ಬಿಣದ ಬ್ಯಾರಿಯರ್ ಹಾಕಿಸಿದ್ದೇವೆ. ಎರಡು ಲಾರಿಗಳ ಸಮಯವನ್ನೂ ಬದಲಾಯಿಸಿದರು. ಬಜೆಟ್ ಕೇಳುವ ಪ್ರಸಂಗವೇ ಬರಲಿಲ್ಲ, ಬ್ಯಾರಿಯರ್ ಸ್ಟೋರಿನಲ್ಲಿ ಸುಮ್ನೆ ಬಿದ್ದಿತ್ತು.

ಮೂರನೇ_ಪಾಳಿ:
ಓದಿ ತುಂಬಾ ಖುಷಿಯಾಯಿತು. ಒಂದು ಕೇಳಲಾ? ರಾತ್ರಿ ಪಾಳಿಯವರು ಈಗ ಯಾವ ದಾರಿಯಲ್ಲಿ ಹೋಗುತ್ತಿದ್ದಾರೆ?

ಹಳದಿ_ಹೆಲ್ಮೆಟ್:
ನಿಮ್ಮ ಪ್ರಶ್ನೆ ನೋಡಿ ನಿನ್ನೆ ರಾತ್ರಿ ಹೋದೆ. ಸುತ್ತು ದಾರಿಯ ದೀಪಗಳನ್ನು ಹತ್ತು ಗಂಟೆಗೆ ಆರಿಸುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ಕತ್ತಲಲ್ಲಿ ಯಾಕೆ ಹೋಗುವುದು ಅಂತ ಇಬ್ಬರು ಲಾರಿ ನಿಲ್ಲುವ ಜಾಗದಿಂದಲೇ, ಲಾರಿಗಳ ಹಿಂದೆ ನುಸುಳಿ ಹೋಗುತ್ತಿದ್ದರು. ಅದು ಹಳೆಯ ಮೂಲೆಗಿಂತ ಅಪಾಯ. ದೀಪ ಇವತ್ತಿನಿಂದಲೇ ರಾತ್ರಿ ಪೂರ್ತಿ ಉರಿಯುತ್ತದೆ. ಆದರೆ ಆಚೆ ಗೋಡೆಯಲ್ಲಿ ಒಂದು ಹೊಸ ಬಾಗಿಲು ಆಗಲೇಬೇಕು. ಇದಕ್ಕೆ ಹಣ ಬೇಕು. ಸೋಮವಾರ ಎಂಜಿನಿಯರಿಂಗ್ ಮೀಟಿಂಗಿಗೆ ನನ್ನನ್ನು ಕರೆದಿದ್ದಾರೆ, ಆರು ವರ್ಷದಲ್ಲಿ ಮೊದಲ ಸಲ. ಏನು ತೆಗೆದುಕೊಂಡು ಹೋಗಲಿ?

ಶಟ್‌ಡೌನ್_ಪ್ಲಾನರ್:
ಇಪ್ಪತ್ತು ಸ್ಲೈಡ್ ಬೇಡ. ಒಂದೇ ಹಾಳೆಯಲ್ಲಿ ಕೈಯಲ್ಲಿ ಬಿಡಿಸಿದ ನಕ್ಷೆ. ಅದರ ಮೇಲೆ ಆ ಏಳು ಘಟನೆಗಳ ತಾರೀಖು, ಲೋಡಿಂಗ್ ನಿಂತ ನಿಮಿಷಗಳು. ಬಾಗಿಲಿಗೆ ಏನು ತಗಲುತ್ತದೆ ಅಂತ ಸಿವಿಲ್‌ನವರನ್ನು ಮೊದಲೇ ಕೇಳಿಕೊಂಡಿರಿ. ಮುಖ್ಯವಾಗಿ, ಒಬ್ಬ ಫೋರ್ಕ್‌ಲಿಫ್ಟ್ ಚಾಲಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಅವರು ಮಾತಾಡಲಿ. ಸೀಟಿನ ಮೇಲೆ ಕೂತು ಏನು ಕಾಣುವುದಿಲ್ಲ ಅನ್ನುವುದನ್ನು ಅವರಷ್ಟು ಚೆನ್ನಾಗಿ ನೀವು ಹೇಳಲಾರಿರಿ.

ಶಬ್ದಮಾಪಕ:
ಹೊಸ ಬಾಗಿಲಿನಿಂದ ಪ್ರೆಸ್ ಶಾಪಿನ ಶಬ್ದ ಕ್ಯಾಂಟೀನ್ ಕಡೆ ಬರುತ್ತದಾ ಅಂತಲೂ ನೋಡಿ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಥರದ್ದು ಇರಲಿ ಅಂತ ಈಗಲೇ ಹೇಳಿಬಿಡಿ. ಕಟ್ಟಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಹಳದಿ_ಹೆಲ್ಮೆಟ್:
ಎರಡನ್ನೂ ಬರೆದುಕೊಂಡೆ. ಚಾಲಕರೊಬ್ಬರು ಬರುತ್ತೇನೆ ಅಂದಿದ್ದಾರೆ. ಆ ಏಳರಲ್ಲಿ ಎರಡು ಸಲ ಬ್ರೇಕ್ ಹಾಕಿದ್ದು ಅವರೇ. ಅವರದು ರಾತ್ರಿ ಪಾಳಿ, ಮೀಟಿಂಗ್ ಇದ್ದಿದ್ದು ಹನ್ನೊಂದಕ್ಕೆ. ಅಷ್ಟು ಹೊತ್ತು ನಿದ್ದೆಗೆಟ್ಟು ಕಾಯುವುದು ಬೇಡ ಅಂತ ಕೇಳಿಕೊಂಡು ಬೆಳಗ್ಗೆ ಏಳಕ್ಕೆ ಮಾಡಿಸಿದ್ದೇನೆ.